ಕೊಟ್ಟಿಗೆಗೆ ಕುದುರೆ ಬಂದ ಎರಡು ದಿನ

ತೀರ್ಥಹಳ್ಳಿ ಕಡೆ ಹೋಂಸ್ಟೇ ನಡೆಸುವ ತಂಗಿಯ ಮಗ ಒಂದು ಕುದುರೆ ತಂದಿದ್ದ. ಬಂದವರ ಮಕ್ಕಳನ್ನು ಕೂರಿಸಿ ಫೋಟೋ ತೆಗೆಸೋಕೆ. ಬೆಂಗಳೂರಿಗೆ ಹೋಗುವ ಕೆಲಸ ಬಿತ್ತೆಂದು ಅದನ್ನು ನಮ್ಮ ಕೊಟ್ಟಿಗೆಗೆ ತಂದು ಕಟ್ಟಿದ. “ಎರಡೇ ದಿನ ಮಾವ. ನಿಮಗೆ ದನ ಕಟ್ಟಿ ಅಭ್ಯಾಸ ಇದ್ಯಲ್ಲ, ಅದೇ ಥರ.”

ಅದೇ ಥರ ಅಲ್ಲ ಅಂತ ಗೊತ್ತಾಗಲು ಕಾಲು ಗಂಟೆ ಸಾಕಾಯಿತು.

ನಮ್ಮ ಹಸು ಗೌರಿ ಮಲೆನಾಡು ಗಿಡ್ಡ ತಳಿ. ನಿಂತರೆ ನನ್ನ ಸೊಂಟದ ಮಟ್ಟ. ಎತ್ತಲಿಂದ ಹೋಗಿ ತಟ್ಟಿದರೂ ಅತ್ತ ಸರಿಯುತ್ತಾಳೆ. ಒದ್ದರೂ ಕಾಲು ಪಕ್ಕಕ್ಕೆ ಬೀಸುತ್ತಾಳೆ. ಅದು ಎಲ್ಲಿಗೆ ತಾಗುತ್ತದೆಂಬುದು ನನ್ನ ಮೊಣಕಾಲಿಗೆ ಬಾಯಿಪಾಠ. ಕುದುರೆ ಝಾಡಿಸುವುದು ನೇರ ಹಿಂದಕ್ಕೆ. ಸಾಹೇಬರ ಮುಂದೆ, ಕುದುರೆಯ ಹಿಂದೆ ಸುಳಿಯಬಾರದು ಅನ್ನುವ ಮಾತು ನನಗೆ ಗೊತ್ತಿಲ್ಲದ್ದಲ್ಲ. ಮೊದಲರ್ಧವನ್ನು ಪಾಲಿಸಿಯೇ ರಿಟೈರಾದವನು ನಾನು.

ಮಳೆಯಲ್ಲಿ ಬಂದವನು ಅದರ ಹಿಂದೆ ನಿಂತು ಕೊಡೆಯ ನೀರು ಕೊಡವಿದೆ. ಪಟಪಟ ಅಂತು. ಮರುಕ್ಷಣ ನನ್ನ ಪಕ್ಕದಲ್ಲಿದ್ದ ಸೊಪ್ಪಿನ ಹೆಡಿಗೆ ಗೋಡೆಗೆ ಹೋಗಿ ಅಪ್ಪಳಿಸಿತು. ಹೆಡಿಗೆಯ ಜಾಗದಲ್ಲಿ ನಾನಿದ್ದಿದ್ದರೆ ಈ ಬರಹ ಇರುತ್ತಿರಲಿಲ್ಲ.

ಫೋನಿನಲ್ಲಿ ಅಳಿಯ ಪಾಠ ಮಾಡಿದ. ಕುದುರೆಗೆ ಕಣ್ಣು ತಲೆಯ ಅಕ್ಕಪಕ್ಕ. ಸುತ್ತ ಎಲ್ಲ ಕಾಣುತ್ತದೆ, ಬೆನ್ನ ಹಿಂದೆ ಮತ್ತು ಮೂಗಿನ ಬುಡ ಮಾತ್ರ ಕಾಣದು. “ಮಾತಾಡ್ಕಂಡು ಭುಜದ ಕಡೆಯಿಂದ ಹೋಗಿ ಮಾವ. ಹಿಂದೆ ದಾಟಲೇಬೇಕಂದ್ರೆ ಬೆನ್ನ ಮೇಲೆ ಕೈಯಿಟ್ಟು ಅಂಟ್ಕಂಡೇ ದಾಟಿ, ಆಗ ಕಾಲು ಬೀಸೋಕೆ ಜಾಗ ಸಿಗಲ್ಲ. ಇಲ್ಲಾ ಕಾಲಿಗೆ ಎಟುಕದಷ್ಟು ದೂರ ಹೋಗಿ. ನಡುವೆ ಮಾತ್ರ ಬೇಡ.”

ಕುದುರೆ ಹತ್ತಿರ ಏನು ಮಾತಾಡುವುದು? ಅಡಿಕೆ ರೇಟು ಹೇಳಿದೆ. ಕಿವಿ ಹಿಂದಕ್ಕೆ ಮಡಚಿ ತಲೆಗೆ ಅಂಟಿಸಿಕೊಂಡಿತು. ಹಾಗೆ ಮಾಡಿದರೆ ಸಿಟ್ಟು ಬಂದಿದೆ ಅಂತ ಅರ್ಥವಂತೆ. ಆ ವಾರದ ರೇಟಿಗೆ ನಮಗೂ ಹಾಗೇ ಆಗಿತ್ತು.

ಸಮಾಧಾನಕ್ಕೆ ಬಾಳೆಹಣ್ಣು ಹಿಡಿದೆ, ಬೆರಳ ತುದಿಯಲ್ಲಿ. ದನಕ್ಕೆ ಮೇಲಿನ ಮುಂಹಲ್ಲೇ ಇಲ್ಲ. ಬೆರಳು ಬಾಯೊಳಗೆ ಹೋದರೂ ಜೊಲ್ಲಿನೊಂದಿಗೆ ವಾಪಸು ಬರುತ್ತದೆ. ಕುದುರೆಗೆ ಮೇಲೂ ಇದೆ, ಕೆಳಗೂ ಇದೆ. ಮೂಗಿನ ಕೆಳಗಿನದು ಕಾಣದ್ದರಿಂದ ತುಟಿಯಲ್ಲೇ ತಡಕುತ್ತದೆ. ಪುಟ್ಟಬಾಳೆ ಯಾವುದು, ತೋರುಬೆರಳು ಯಾವುದು ಅಂತ ಅದಾದರೂ ಹೇಗೆ ಹೇಳೀತು? ಅಂಗೈ ಚಪ್ಪಟೆ ಮಾಡಿ, ಅದರ ಮೇಲಿಟ್ಟು ಕೊಡಬೇಕಿತ್ತು. ಉಗುರು ಇವತ್ತಿಗೂ ಕಪ್ಪು.

ಇಷ್ಟಾದರೂ ಬುದ್ಧಿ ಬಂದಿರಲಿಲ್ಲ ಅನ್ನಿ. ಮಾರನೇ ದಿನ ಮೇಯಿಸಲು ಬಿಚ್ಚಿದವನು, ಗೌರಿಯ ಕಣ್ಣಿಯಂತೆ ಹಗ್ಗವನ್ನು ಕೈಗೆ ಮೂರು ಸುತ್ತು ಸುತ್ತಿಕೊಂಡೆ. ಕಾಲಲ್ಲಿ ಹವಾಯಿ ಚಪ್ಪಲಿ. ತೋಟದ ಅಂಚಿಗೆ ಬಂದಾಗ ಮರದಿಂದ ಒಂದು ಅಡಿಕೆ ಹಾಳೆ ಧಡ್ಡೆಂದು ಬಿತ್ತು. ಕುದುರೆಗೆ ತಕ್ಷಣ ಮನೆಗೆ ಹೋಗಬೇಕೆನಿಸಿತು. ನನಗೆ ಅನಿಸಿರಲಿಲ್ಲ. ಆದರೂ ಇಬ್ಬರೂ ಹೊರಟೆವು. ಒಂದು ಚಪ್ಪಲಿ ಬಸಿಗಾಲುವೆಗೆ ಹೋಯಿತು, ಇನ್ನೊಂದನ್ನು ಕುದುರೆಯೇ ತುಳಿಯಿತು. ಪುಣ್ಯಕ್ಕೆ ಆ ಹೊತ್ತಿಗೆ ಅದರಲ್ಲಿ ನನ್ನ ಕಾಲಿರಲಿಲ್ಲ. ಗೊಬ್ಬರಗುಂಡಿಯ ಹತ್ತಿರ ಸುತ್ತು ಬಿಚ್ಚಿಕೊಂಡಿತು. ಹಗ್ಗವನ್ನು ಮಡಿಕೆ ಮಾಡಿ ನಡುವೆ ಹಿಡಿಯಬೇಕು, ಬಿಟ್ಟರೆ ಬಿಡುವ ಹಾಗಿರಬೇಕು ಅನ್ನುವುದು ಗುಂಡಿಯೊಳಗೆ ಕೂತಾಗ ತಾನಾಗಿ ಹೊಳೆಯಿತು.

“ಎಂತ ಮಾಡ್ಕಂಡ್ರಿ?” ಜಗಲಿಯಿಂದ ನಮ್ಮನೆಯವಳು.

“ಕುದುರೆ ಮೇಯಿಸಿದೆ.”

ಸಂಜೆ ಅಳಿಯ ಬಂದು ಕುದುರೆ ಹೊಡೆದುಕೊಂಡು ಹೋದ. ಬೆಳಿಗ್ಗೆ ಹಾಲು ಕರೆಯಲು ಹೋದವನು ಹೊಸ ಅಭ್ಯಾಸದಂತೆ ಗೌರಿಯ ಬೆನ್ನ ಮೇಲೆ ಕೈಯಿಟ್ಟು, ಅಡಿಕೆ ರೇಟು ಹೇಳುತ್ತ, ಹಿಂಗಾಲಿಗೆ ಅಂಟಿಕೊಂಡೇ ದಾಟಿದೆ. ಇಂಥ ಸಲಿಗೆಯನ್ನು ಹುಟ್ಟಿದ ಮೇಲೆ ಕಾಣದ ಗೌರಿ ಕಾಲು ಬೀಸಿದಳು. ಪಕ್ಕಕ್ಕೆ. ಮೊಣಕಾಲಿಗೆ ಬಾಯಿಪಾಠ ಮರೆತಿತ್ತು.