ಹಿಮವೂ ಬೇಕು, ರಸ್ತೆಯೂ ಬೇಕು ಅಂದ್ರೆ

ಗೆಳೆಯನೊಬ್ಬ ಮೊನ್ನೆ ವಾಟ್ಸಾಪಿನಲ್ಲಿ ಒಂದು ಎಕ್ಸೆಲ್ ಶೀಟ್ ಕಳಿಸಿದ. ಜನವರಿಯಲ್ಲಿ ಏಳು ದಿನ. ಕಾರಿನಲ್ಲೇ ಹಿಮಾಚಲದ ನಾರ್ಕಂಡಾ, ಸೋಲಂಗ್, ಸಿಸ್ಸು, ಆಮೇಲೆ ಕಾಶ್ಮೀರದ ಗುಲ್ಮಾರ್ಗ್. ಎಲ್ಲಾ ಕಡೆ ಸ್ಕೀಯಿಂಗ್, ಅಂದ್ರೆ ಕಾಲಿಗೆ ಉದ್ದನೆ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರೋದು. ಯಾವ ದಿನ ಎಷ್ಟು ಗಂಟೆಗೆ ತಿಂಡಿ ಅನ್ನೋದೂ ಇದೆ. 'ನೀನು ಹೋಗಿ ಬಂದವನು, ಒಂದ್ಸಲ ನೋಡಿ ಹೇಳಲೇ' ಅಂದ.

ನೋಡಿದೆ. ಇದು ನಡೆಯಲ್ಲ. ನಾವೂ ಇಂಥದ್ದೇ ಶೀಟ್ ಹಿಡ್ಕೊಂಡು ಹೋಗಿದ್ದವರು.

ಹೋದ ಫೆಬ್ರವರಿಯಲ್ಲಿ ದಾವಣಗೆರೆಯಿಂದ ಮೂವರು ಹೊರಟೆವು. ಚಂಡೀಗಢದಲ್ಲಿ ಕೆಲಸಕ್ಕಿರುವ ಇನ್ನೊಬ್ಬನ ಕಾರು. ಮೊದಲು ಸೋಲಂಗ್. ಹಿಮ ಇತ್ತು, ಆದರೆ ಹಳೇದು. ಹಗಲು ಕರಗಿ, ರಾತ್ರಿ ಗಟ್ಟಿಯಾಗಿ, ನೂರಾರು ಜನ ತುಳಿದು, ಸಂತೆ ಮುಗಿದ ಮೈದಾನದ ಹಾಗಾಗಿತ್ತು. ಬಾಡಿಗೆ ಬೂಟಿನೊಳಗೆ ಹಿಂದಿನವರ ಬೆವರು ಇನ್ನೂ ಹಸಿ. ಹತ್ತು ಹೆಜ್ಜೆ ಜಾರಿ, ಫೋಟೊ ತೆಗೆಸಿಕೊಂಡು, 9.02 ಕಿಲೋಮೀಟರಿನ ಅಟಲ್ ಸುರಂಗ ದಾಟಿ ಸಿಸ್ಸು ನೋಡಿ ಬಂದೆವು. ಸೋಲಂಗ್ ಬಗ್ಗೆ ಇಷ್ಟು ಸಾಕು.

ನಮಗೆ ಬೇಕಿದ್ದದ್ದು ಪೌಡರ್. ಅಂದ್ರೆ ಆಗಷ್ಟೇ ಬಿದ್ದ ಒಣ ಹಿಮ. ಮೆಡಿಟರೇನಿಯನ್ ಕಡೆಯಿಂದ ತೇವ ಹೊತ್ತು ಬರುವ ಗಾಳಿ ಹಿಮಾಲಯಕ್ಕೆ ಬಡಿದು ಹಿಮ ಸುರಿಸುತ್ತದೆ. ಚಳಿ ಜಾಸ್ತಿ ಇದ್ದಷ್ಟೂ ಅದು ಹಗುರ. ಉಂಡೆ ಕಟ್ಟೋಕೆ ಹೋದರೆ ಬೆರಳಿನ ಸಂದಿಯಲ್ಲಿ ಉದುರಿ ಹೋಗುತ್ತದೆ. ಈಗ ತಮಾಷೆ ನೋಡಿ. ಮೇಲೆ ಹಿಮ ಸುರಿಸುವ ಅದೇ ಮೋಡ ಕೆಳಗಿನ ಘಟ್ಟದಲ್ಲಿ ಮಳೆ ಸುರಿಸಿ ಗುಡ್ಡ ಜಾರಿಸುತ್ತದೆ. ಹಿಮ ಚೆನ್ನಾಗಿ ಬಿತ್ತು ಅಂದ್ರೆ ರಸ್ತೆ ಮುಚ್ಚಿತು ಅಂತಲೇ ಅರ್ಥ.

ಪೌಡರ್ ಹುಡುಕಿ ಗುಲ್ಮಾರ್ಗ್‌ಗೆ ಹೊರಟ ನಮ್ಮನ್ನು ಉಧಂಪುರದಲ್ಲೇ ತಡೆದರು. ರಾಂಬನ್ ಹತ್ತಿರ ಜಮ್ಮು-ಶ್ರೀನಗರದ ಹೆದ್ದಾರಿ 44ರ ಮೇಲೆ ಗುಡ್ಡ ಕುಸಿದಿತ್ತು. ಒಂದೂವರೆ ದಿನ ಲಾರಿಗಳ ಸಾಲಿನ ಹಿಂದೆ ಕೂತೆವು. ರಾಜ್ಮಾ ಅನ್ನ ತಿಂದು, ಇಸ್ಪೀಟು ಆಡಿ, ಹೋಟೆಲಿಗೆ ಕಟ್ಟಿದ ದುಡ್ಡು ಹೋಯ್ತಲ್ಲ ಅಂತ ಒಬ್ಬರಿಗೊಬ್ಬರು ಬೈದುಕೊಂಡೆವು. ಫೋನಿನಲ್ಲಿ ಅಮ್ಮನದು ಒಂದೇ ಪ್ರಶ್ನೆ: 'ಶಿವರಾತ್ರಿ ಹೊತ್ತಿಗೆ ಮನೆಗೆ ಬರ್ತೀಯೋ ಇಲ್ವೋ, ಅಷ್ಟು ಹೇಳಪ್ಪಾ.'

ದಾರಿ ಬಿಟ್ಟ ಮೇಲೆ ಬನಿಹಾಲ್ ಸುರಂಗ. ಒಳಗೆ ಹೋಗುವಾಗ ಕಲ್ಲು, ಕೆಸರು. ಎಂಟೂವರೆ ಕಿಲೋಮೀಟರ್ ಆದಮೇಲೆ ಖಾಜಿಗುಂಡ್ ಕಡೆ ಹೊರಬಂದರೆ ಎಲ್ಲಾ ಬಿಳಿ. ಇಸ್ಪೀಟಿನ ಜಗಳ ಅಲ್ಲಿಗೆ ನಿಂತಿತು. ಟಂಗ್‌ಮಾರ್ಗ್‌ನಲ್ಲಿ ಕಾರು ಬಿಟ್ಟು ಜೀಪು ಹತ್ತಿದೆವು. ಟೈರಿಗೆಲ್ಲ ಕಬ್ಬಿಣದ ಚೈನು ಸುತ್ತಿದ್ದರು. ಕೊನೇ 13 ಕಿಲೋಮೀಟರ್ ಜಣ್ ಜಣ್ ಅಂತ ಸದ್ದು ಮಾಡಿಕೊಂಡೇ ಗುಲ್ಮಾರ್ಗ್ ಸೇರಿದೆವು.

ಅಲ್ಲಿನ ಗೊಂಡೋಲಾದಲ್ಲಿ, ಅಂದ್ರೆ ಬೆಟ್ಟ ಹತ್ತಿಸುವ ಕೇಬಲ್ ಕಾರಿನಲ್ಲಿ, ಎರಡು ಹಂತ. ಎರಡನೇದು ಸುಮಾರು 4,000 ಮೀಟರ್ ಎತ್ತರಕ್ಕೆ, ಅಫರ್‌ವತ್ ಬೆಟ್ಟಕ್ಕೆ ಹೋಗುತ್ತದೆ. ಹೊಸ ಹಿಮ ಬಿದ್ದಿದೆ, ಗಾಳಿ ಇದೆ ಅಂತ ಅದನ್ನು ನಿಲ್ಲಿಸಿದ್ದರು. ಬೇಜಾರಾಗಲಿಲ್ಲ. ನಮ್ಮಂಥವರಿಗೆ ಅಲ್ಲಿ ಕೆಲಸವೂ ಇಲ್ಲ. ಎರಡು ದಿನ ಕೆಳಗಿನ ಬಯಲಿನಲ್ಲಿ ನಿಲ್ಲೋದು, ಬೀಳೋದು ಕಲಿತೆವು. ಕಲಿಸಿದ ಮೇಷ್ಟ್ರು ಆರಿಫ್ ಖಾನ್ ಊರಿನ ಕಡೆಯವರು. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಒಬ್ಬನೇ ಆಟಗಾರ ಆರಿಫ್, ಕಂಬಗಳ ನಡುವೆ ತಿರುಗುತ್ತಾ ಜಾರುವ ಜೈಂಟ್ ಸ್ಲಾಲಂನಲ್ಲಿ 45ನೇ ಸ್ಥಾನ. ಮೇಷ್ಟ್ರು ಇದನ್ನು ದಿನಕ್ಕೆ ಮೂರು ಸಲ ಹೇಳುತ್ತಿದ್ದರು. ಹೇಳಲಿ ಬಿಡಿ, ಹೇಳಬೇಕಾದ್ದೇ.

ಮೂರನೇ ದಿನ ಗೊಂಡೋಲಾದ ಮೊದಲ ಹಂತ ಮುಗಿಯುವ ಕೊಂಗ್‌ಡೂರಿ. ತುಳಿದು ಗಟ್ಟಿಯಾದ ದಾರಿ ಬಿಟ್ಟು ಪಕ್ಕಕ್ಕೆ ಜಾರಿದೆ ನೋಡಿ, ಸೊಂಟದ ತನಕ ಒಳಗೆ! ಚಿಕ್ಕವನಿದ್ದಾಗ ಭಟ್ಟಿಯಲ್ಲಿ ಮಂಡಕ್ಕಿ ರಾಶಿಗೆ ಹಾರಿ ಬೈಸಿಕೊಂಡಿದ್ದೆ. ಥೇಟ್ ಹಾಗೇ. ಪೆಟ್ಟಾಗಲ್ಲ, ಆದರೆ ಏಳೋಕೂ ಆಗಲ್ಲ. ಕೈ ಊರಿದರೆ ಭುಜದ ತನಕ ಹೋಗುತ್ತದೆ. ಎರಡು ಕೋಲನ್ನೂ ಅಡ್ಡಡ್ಡ ಇಟ್ಟು, ಅವು ಕೂಡುವ ಕಡೆ ಕೈ ಊರಿ ಏಳಬೇಕಂತೆ. ಎದ್ದೆ. ಒಂದು ಕಾಲಿನ ಸ್ಕೀ ಇಲ್ಲ. ಕೆಳಗೆಲ್ಲ ಕೆದಕಿದೆ. 'ಮೇಲೆ ಹುಡುಕಿ ಸಾಬ್, ಜಾರಿದ್ದು ನೀವು, ಅದಲ್ಲ' ಅಂದರು ಮೇಷ್ಟ್ರು. ಕೋಲು ಚುಚ್ಚಿ ಚುಚ್ಚಿ ನೋಡಿ ಇಪ್ಪತ್ತು ನಿಮಿಷಕ್ಕೆ ಸಿಕ್ಕಿತು.

ಆಮೇಲೆ ಒಂದು ಹದಿನೈದು ಸೆಕೆಂಡ್ ಸರಿಯಾಗಿ ಜಾರಿದೆ. ಸದ್ದೇ ಇಲ್ಲ. ಗಟ್ಟಿ ಹಿಮದ ಮೇಲೆ ಕರಕರ ಅನ್ನುವ ಸ್ಕೀ ಇಲ್ಲಿ ತುಟಿ ಬಿಚ್ಚಲಿಲ್ಲ. ಉಧಂಪುರದಲ್ಲಿ ನಾವು ಬೈದಾಡಿಕೊಂಡು ಕೂತಿದ್ದಾಗ ಬಿದ್ದ ಹಿಮ ಅದು.

ಇನ್ನೊಂದು. 2024ರ ಜನವರಿಯಲ್ಲಿ ಇದೇ ಗುಲ್ಮಾರ್ಗ್ ಹಿಮವಿಲ್ಲದೆ ಬೋಳಾಗಿತ್ತು, ನೆನಪಿದೆ ಅಲ್ವಾ? ಆ ವರ್ಷ ಸರಿಯಾಗಿ ಹಿಮ ಬಂದದ್ದು ಜನವರಿ ಮುಗಿಯೋ ಹೊತ್ತಿಗೆ. ಅದು ಯಾರ ರಜೆ ಚೀಟಿಯನ್ನೂ ನೋಡಿ ಬರಲ್ಲ.

ಹಾಗಾಗಿ ಶೀಟಿನಲ್ಲಿ ನಾರ್ಕಂಡಾ, ಸೋಲಂಗ್, ಸಿಸ್ಸು ಮೂರನ್ನೂ ಅಳಿಸಿದೆ. ಜನವರಿ ತೆಗೆದು ಫೆಬ್ರವರಿ ಹಾಕಿದೆ. ಗುಲ್ಮಾರ್ಗ್‌ಗೆ ನಾಲ್ಕು ದಿನ ಕೊಟ್ಟು, ಉಳಿದ ಮೂರು ದಿನದ ಮುಂದೆ 'ಸುಮ್ನೆ' ಅಂತ ಬರೆದು ವಾಪಸ್ ಕಳಿಸಿದೆ. ರಾತ್ರಿ ಫೋನ್ ಬಂತು.

'ಲೇ, ಈ ಸುಮ್ನೆ ಅನ್ನೋದು ಎಲ್ಲಿ ಬರುತ್ತಲೇ? ಮ್ಯಾಪಲ್ಲಿ ಸಿಗ್ತಿಲ್ಲ.'