ಹಾರ್ಸ್‌ಪವರ್ ಎಷ್ಟಾದ್ರೂ ಇರಲಿ, 60 ಅಡಿಗೆ ಎಷ್ಟು ಸೆಕೆಂಡ್ ಹೇಳಿ

ಡ್ರ್ಯಾಗ್ ಸ್ಟ್ರಿಪ್‌ನಿಂದ, ಅಂದ್ರೆ ಎರಡು ಗಾಡಿ ಪಕ್ಕಪಕ್ಕ ನಿಂತು ಕಾಲು ಮೈಲಿ ನೇರ ಓಡೋ ಟ್ರ್ಯಾಕಿನಿಂದ, ಈಗಷ್ಟೇ ಬಂದೆ, ತಲೆ ಇನ್ನೂ ಬಿಸಿಯಾಗೇ ಇದೆ. ಮತ್ತೆ ಅದೇ ಕೊರೆತ ಅನ್ನೋರು ಮುಂದಿನ ಪೋಸ್ಟಿಗೆ ಹೋಗಿ.

1970ರ ಶೆವೆಲ್ ಕಾರು. ಕಣ್ಣಿಗೊತ್ತಿಕೊಳ್ಳಬೇಕು, ಹಾಗಿತ್ತು. ಬಾನೆಟ್ ಎತ್ತಿದರೆ 454 ಘನ ಇಂಚಿನ ದೊಡ್ಡ ಇಂಜಿನ್, ಬಿಗ್ ಬ್ಲಾಕ್. "600 ಹಾರ್ಸ್‌ಪವರ್" ಅಂತ ಕೇಳಿದವರಿಗೂ ಕೇಳದವರಿಗೂ ಹೇಳ್ತಿದ್ದ ಪುಣ್ಯಾತ್ಮ. ಹಸಿರು ದೀಪ ಹತ್ತಿತು, ಹಿಂದಿನ ಚಕ್ರ ನಿಂತಲ್ಲೇ ಗಿರಗಿರ. ಹೊಗೆ ಮಾತ್ರ ಭರ್ಜರಿ. ಪಕ್ಕದ ಲೇನಿನ ಬಣ್ಣಗೆಟ್ಟ ನೋವಾ ಕಾರು, ಬರೀ 350ರ ಚಿಕ್ಕ ಇಂಜಿನ್, ಸದ್ದಿಲ್ಲದೆ ಹೋಗಿ ಗುರಿ ಮುಟ್ಟಿಬಿಡ್ತು.

ಟ್ರ್ಯಾಕಿನವರು ಕೊಡೋ ಸಮಯದ ಚೀಟಿ, ಶೆವೆಲ್‌ನದು, ನೋಡಿದೆ. ಗೆರೆ ಬಿಟ್ಟ ಮೊದಲ 60 ಅಡಿಗೆ 2.4 ಸೆಕೆಂಡ್. ಕಾಲು ಮೈಲಿಗೆ 13.3, ಕೊನೆಯಲ್ಲಿ ವೇಗ ಗಂಟೆಗೆ 112 ಮೈಲಿ. ಚೀಟಿ ಸುಳ್ಳು ಹೇಳಲ್ಲ. ವೇಗವನ್ನು 234ರಿಂದ ಭಾಗಿಸಿ, ಬಂದದ್ದರ ಘನ ತೆಗೆದು (ಅದನ್ನೇ ಮೂರು ಸಲ ಬರೆದು ಗುಣಿಸಿ), ಡ್ರೈವರ್ ಸೇರಿದ ತೂಕದಿಂದ ಗುಣಿಸಿ. 3,900 ಪೌಂಡಿಗೆ ಸುಮಾರು 430 ಹಾರ್ಸ್‌ಪವರ್. ಮಿಕ್ಕ 170 ಬಾಯಲ್ಲಿತ್ತು. ಇರಲಿ, ಆ 430ಕ್ಕೇ 12.2 ಬರಬೇಕಿತ್ತು. ಹೋದ ಒಂದು ಸೆಕೆಂಡಿಗೆ ಮೂಲ ಆ ಮೊದಲ 60 ಅಡಿಯೇ. ಅಲ್ಲಿ 0.1 ಉಳಿಸಿದರೆ ಕೊನೆಯಲ್ಲಿ 0.15ರಿಂದ 0.2 ಸಿಗುತ್ತೆ.

ಇದಕ್ಕೆ ಆತನ ಮದ್ದು? ಇನ್ನೂ ದೊಡ್ಡ ಕಾರ್ಬ್ಯುರೇಟರ್! ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ.

ಮೊದಲು ಟೈರ್ ಬದಲಿಸಿ ಸ್ವಾಮಿ. 275/60-15 ಡ್ರ್ಯಾಗ್ ರೇಡಿಯಲ್ (ನೆಲ ಕಚ್ಚೋ ಮೆದು ರಬ್ಬರಿನ ಟೈರ್), ಗಾಳಿ 17–18 ಪಿಎಸ್ಐನಿಂದ ಶುರುಮಾಡಿ, ಒಂದೊಂದೇ ಪಿಎಸ್ಐ ಆಡಿಸಿ. ಆಮೇಲೆ ಬಲಗಡೆಯ ಹಿಂಚಕ್ರ. ಹಿಂಚಕ್ರಕ್ಕೆ ಶಕ್ತಿ ಒಯ್ಯೋ ಡ್ರೈವ್‌ಶಾಫ್ಟ್ ತಿರುಗೋ ಸೆಳೆತಕ್ಕೆ ಹಿಂದಿನ ಆಕ್ಸಲ್ ಬಲಗಡೆಯ ಚಕ್ರವನ್ನು ಮೇಲಕ್ಕೆತ್ತುತ್ತೆ, ಹಾಗಾಗಿ ಮೊದಲು ಜಾರೋದು ಅದೇ. ಶೆವೆಲ್‌ನಲ್ಲಿ ಹಿಂದೆ ಕಾಯಿಲ್ ಸ್ಪ್ರಿಂಗ್ ಇರೋದರಿಂದ ಸ್ಪ್ರಿಂಗ್ ಒಳಗೆ ಏರ್‌ಬ್ಯಾಗ್, ಅಂದ್ರೆ ಗಾಳಿ ತುಂಬೋ ಚೀಲ, ತೂರಿಸಬಹುದು, ಬಲಕ್ಕೆ 12–15, ಎಡಕ್ಕೆ 5 ಪಿಎಸ್ಐ. ಈ ಚೀಲಗಳ ಖರ್ಚು ಆ ಕಾರ್ಬ್ಯುರೇಟರಿನ ಕಾಲುಭಾಗವೂ ಇಲ್ಲ.

ಇನ್ನು ಕನ್ವರ್ಟರ್, ಅಂದ್ರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಇಂಜಿನ್ ಶಕ್ತಿ ದಾಟಿಸೋ ಆಯಿಲ್ ತುಂಬಿದ ಭಾಗ. ಇಂಜಿನ್ ವಾಲ್ವ್ ತೆರೆಯೋ ಕ್ಯಾಮ್‌ಶಾಫ್ಟ್ ದೊಡ್ಡದು ಹಾಕಿಸಿ ಕನ್ವರ್ಟರ್ ಹಳೇದೇ ಬಿಟ್ಟರೆ ಇಂಜಿನ್‌ಗೆ ಜೀವ ಬರೋದು 3,000 ಆರ್‌ಪಿಎಂ ಮೇಲೆ, ಕನ್ವರ್ಟರ್ ಹಿಡಿಯೋದು 1,800ಕ್ಕೆ. ಒಳ್ಳೇ ಟೈರ್ ಹಾಕಿದ ದಿನ ಗಾಡಿ ಗೆರೆಯ ಮೇಲೇ ಮುಗ್ಗರಿಸಿ ನಿಲ್ಲುತ್ತೆ. 3,200–3,500 ಆರ್‌ಪಿಎಂಗೆ ಹಿಡಿಯೋ ಕನ್ವರ್ಟರ್ ಬೇಕು, ಜೊತೆಗೆ ಗೇರ್‌ಬಾಕ್ಸ್ ಆಯಿಲ್ ಕೂಲರ್, ಯಾಕಂದ್ರೆ ಜಾರೋ ಕನ್ವರ್ಟರ್ ಆಯಿಲನ್ನು ವಿಪರೀತ ಕಾಯಿಸುತ್ತೆ. ಹೌದು, ನಾನೂ ಮೊದಲು ಕ್ಯಾಮ್‌ಗೇ ದುಡ್ಡು ಸುರಿದವನು. ಆ ಗುಡುಗುಡು ಸದ್ದಿಗೆ ಯಾರು ಮರುಳಾಗಲ್ಲ ಹೇಳಿ.

ಒಂದು ಎಚ್ಚರ: ಚಕ್ರ ಕಚ್ಚಿಕೊಂಡರೆ ಏಟು ಬೀಳೋದು ಡ್ರೈವ್‌ಶಾಫ್ಟ್ ತುದಿಯ ಯೂನಿವರ್ಸಲ್ ಜಾಯಿಂಟ್, ಆಕ್ಸಲ್‌ಗೆ. ಸ್ಲಿಕ್ (ಗೀರಿಲ್ಲದ ರೇಸ್ ಟೈರ್) ಹಾಕಿ ಕಾಲು ಮೈಲಿಯನ್ನು 13.99 ಅಥವಾ ಅದಕ್ಕಿಂತ ಕಡಿಮೆ ಸಮಯಕ್ಕೆ ಓಡಿಸಿದರೆ ಎನ್‌ಎಚ್‌ಆರ್‌ಎ (ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ) ನಿಯಮದಲ್ಲಿ ಡ್ರೈವ್‌ಶಾಫ್ಟ್ ಲೂಪ್, ಅಂದ್ರೆ ಶಾಫ್ಟ್ ಮುರಿದರೆ ಕೆಳಗೆ ಬೀಳದಂತೆ ಹಿಡಿಯೋ ಬಳೆ, ಕಡ್ಡಾಯ, ಮುಂದಿನ ಜಾಯಿಂಟಿನಿಂದ 6 ಇಂಚಿನೊಳಗೆ.

"ಖುಷಿಗೆ ಓಡಿಸ್ತೀವಿ, ಸೆಕೆಂಡ್ ಯಾರಿಗೆ ಬೇಕು" ಅಂತ ಕಾಮೆಂಟ್ ಬರುತ್ತೆ, ಗೊತ್ತು. ಬೇಡ ಅಂದ್ರೆ ಸೋತ ಮೇಲೆ ಟ್ರ್ಯಾಕ್ ಸರಿಯಿಲ್ಲ ಅಂತ ಗೊಣಗೋದು ಯಾಕೆ? ಅದೇ ಟ್ರ್ಯಾಕಲ್ಲೇ ಆ ನೋವಾ 60 ಅಡಿಗೆ 1.7 ತೆಗೆದದ್ದು.

ಹೊರಡೋ ಹೊತ್ತಿಗೆ ಕಿವಿಗೆ ಬಿತ್ತು, ಶೆವೆಲ್‌ನವನು ಕಾರ್ಬ್ಯುರೇಟರ್ ಯೋಚನೆ ಬಿಟ್ಟು ಈಗ ನೈಟ್ರಸ್ (ಇಂಜಿನ್ ಶಕ್ತಿ ಏರಿಸೋ ಅನಿಲ) ಹಾಕಿಸ್ತಾನಂತೆ. ಅದೇ ಟೈರ್ ಇಟ್ಟುಕೊಂಡು.