ನಮ್ಮ ಟ್ಯಾಂಕು ಸಬ್‌ಮರೀನ್ ಆದದ್ದು

ಭೋಗಿಗೆ ಬಡಿದ ಸಜ್ಜೆ ರೊಟ್ಟಿ ಇನ್ನೂ ಡಬ್ಬಿಯಲ್ಲಿದ್ದವು. ಸಂಕ್ರಾಂತಿ ದಿನ ಸಂಜೆ ಓಣಿಯ ನಾಲ್ಕು ಹುಡುಗರು ಬಂದು ಬಾಗಿಲು ಬಡಿದರು. ಕುಸುರೆಳ್ಳು ಕೊಟ್ಟರು. ಕಾಲಿಗೂ ಬಿದ್ದರು. ಆಗಲೇ ನನಗೆ ಅನುಮಾನ ಬರಬೇಕಿತ್ತು.

"ಅಂಕಲ್, ಮಾಳಿಗಿ ಮ್ಯಾಲಿನ ನಿಮ್ಮ ಕರಿ ಟ್ಯಾಂಕ್ ಒಂದಿನ ಬೇಕಾಗಿತ್ರಿ."

"ಯಾರ ಮದುವಿ?"

"ಮದುವಿ ಅಲ್ರಿ. ಸಬ್‌ಮರೀನ್ ಮಾಡ್ಲಿಕ್ಕ."

ಕಲಬುರಗಿಯಲ್ಲಿ ಟ್ಯಾಂಕ್ ಕೇಳಿಕೊಂಡು ಬರುವುದು ಹೊಸದೇನಲ್ಲ. ಮದುವೆ, ತೊಟ್ಟಿಲು, ಮನೆ ಒಪನಿಂಗು, ಏನಿದ್ದರೂ ಮೊದಲು ನೀರಿನ ಚಿಂತೆ. ಆದರೆ ಯುದ್ಧಕ್ಕೆ ಕೇಳಿದ್ದು ಇದೇ ಮೊದಲು.

ವಿಷಯ ಇಷ್ಟು. ಮರುದಿನ, ಅಂದರೆ 2025ರ ಜನವರಿ 15ಕ್ಕೆ, ಮುಂಬೈನ ನೌಕಾ ಡಾಕ್‌ಯಾರ್ಡಿನಲ್ಲಿ ಪ್ರಧಾನಿಯವರು ಮೂರು ನೌಕೆಗಳನ್ನು ಒಂದೇ ಏಟಿಗೆ ದೇಶಕ್ಕೆ ಅರ್ಪಿಸುವವರಿದ್ದರು. ಐಎನ್‌ಎಸ್ ಸೂರತ್, ಐಎನ್‌ಎಸ್ ನೀಲಗಿರಿ, ಮತ್ತೆ ವಾಗ್‌ಶೀರ್ ಅನ್ನೋ ಸಬ್‌ಮರೀನ್. ಅದರ ಸಂಭ್ರಮವನ್ನು ನಮ್ಮ ಬಡಾವಣೆಯ ಯುವ ನಾಯಕರು ಇಲ್ಲೂ ಮಾಡುತ್ತಾರಂತೆ. ಇಲ್ಲಿಂದ ಸಮುದ್ರ ನೋಡಬೇಕು ಅಂದರೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಸೊಲ್ಲಾಪುರ, ಪುಣೆ ದಾಟಿ ಹೋಗಬೇಕು. ಅದನ್ನೇ ಹೇಳಿದೆ.

"ದೇಶಪ್ರೇಮಕ್ಕ ಸಮುದ್ರ ಯಾಕ ಬೇಕ್ರಿ ಅಂಕಲ್?"

ಇದಕ್ಕೆ ಉತ್ತರ ಇಲ್ಲ. ನನ್ನ ಟ್ಯಾಂಕೇ ಯಾಕೆ ಅಂತ ಕೇಳಿದೆ.

"ನಿಮ್ಮದು ಹ್ಯಾಂಗೂ ಖಾಲಿ ಅದಲ್ರಿ."

ಇದಕ್ಕೂ ಉತ್ತರ ಇಲ್ಲ. ನಮ್ಮ ನಳಕ್ಕೆ ನೀರು ಬಂದು ಆರು ದಿನ ಆಗಿತ್ತು. "ನಾಳಿಗೆ ನೀರು ಬಂದ್ರ ಏನ್ ಮಾಡ್ತೀರಿ?" ಅಂತ ಹೆಂಡತಿ ಒಳಗಿಂದ ಕೂಗಿದಳು. "ಎಲ್ಲಿ ಬರ್ತಾವ ಬಿಡು" ಅಂದೆ. ನಮ್ಮ ಕಡೆ ನೀರು ಬಹುವಚನ. ನೀರು 'ಬಂತು' ಅನ್ನುವುದಿಲ್ಲ, 'ಬಂದವು' ಅನ್ನುತ್ತೇವೆ. ಅಪರೂಪಕ್ಕೆ ಬರುವ ಬೀಗರಿಗೆ ಏಕವಚನ ಹಚ್ಚಲು ಬಾಯಿ ಬರುವುದಿಲ್ಲ, ಅಲ್ವಾ?

ಬೆಳಗ್ಗೆ ಎದ್ದು ನೋಡಿದರೆ ಫ್ಲೆಕ್ಸ್ ಎದ್ದಿತ್ತು. ನಾಯಕರು ಬಿಳಿ ಟೋಪಿ, ಕಪ್ಪು ಗಾಗಲ್ ಹಾಕಿಕೊಂಡು ದೂರಕ್ಕೆ ದಿಟ್ಟಿಸುತ್ತಿದ್ದರು. ಅವರ ಹಿಂದೆ ಒಂದು ನೌಕೆ. ಅದರ ಮೇಲೆ ಸಾಲಾಗಿ ವಿಮಾನ. ವಿಮಾನ ನಿಲ್ಲಿಸಿಕೊಂಡ ಸಬ್‌ಮರೀನ್ ನಾನಂತೂ ನೋಡಿಲ್ಲ. ಹುಡುಗನನ್ನು ಕೇಳಿದರೆ, "ಸಬ್‌ಮರೀನ್ ಸಣ್ಣದು ಕಾಣಸ್ತದ್ರಿ. ಫ್ಲೆಕ್ಸ್ ತುಂಬಬೇಕಲ್ಲ" ಅಂದ. ಕೆಳಗೆ ಶುಭ ಕೋರುವವರ ಸ್ಟಾಂಪ್ ಸೈಜಿನ ಮುಖ. ಅರವತ್ತೊಂದು ಎಣಿಸಿದೆ. ಅಸಲಿ ವಾಗ್‌ಶೀರಿನಲ್ಲಿ ಅಷ್ಟು ಸಿಬ್ಬಂದಿ ಇರುವುದಿಲ್ಲ. ಮೇಲೆ ದಪ್ಪ ಅಕ್ಷರದಲ್ಲಿ 'ಹೆಮ್ಮೆಯ ಜನಾಂತರ್ಗಾಮಿ' ಅಂತ ಅಚ್ಚಾಗಿತ್ತು. 'ಲ' ಹೋಗಿ 'ನ' ಬಂದಿತ್ತು. ಪ್ರಿಂಟಿಂಗಿನವನ ತಪ್ಪೋ, ಅವನಿಗೆ ನಾಯಕರ ಪರಿಚಯ ಚೆನ್ನಾಗಿತ್ತೋ ಗೊತ್ತಿಲ್ಲ. "ಐದು ವರ್ಷಕ್ಕೊಮ್ಮೆ ಮ್ಯಾಲ ಬರ್ತದ ನೋಡ್ರಿ" ಅಂತ ಚಹಾದಂಗಡಿಯವರು ಅಂದರು. ಹಳೇ ಜೋಕು. ಆದರೂ ಅರ್ಧ ಕಪ್ ಚಹಾ ಬಿಟ್ಟಿ ಕೊಟ್ಟರು, ಹಾಗಾಗಿ ನಕ್ಕೆ.

ಸಂಜೆ ಟ್ರ್ಯಾಕ್ಟರ್ ಟ್ರಾಲಿಯಲ್ಲಿ ನನ್ನ ಟ್ಯಾಂಕು ಅಡ್ಡ ಮಲಗಿ ಹೊರಟಿತು. ಸಾವಿರ ಲೀಟರಿನದು. ಮುಚ್ಚಳದ ಕಡೆ ಮೂತಿ. ಬೆನ್ನಿಗೆ ತೂತು ಕೊರೆದು ಪ್ಲಂಬಿಂಗ್ ಪೈಪ್ ನೆಟ್ಟಿದ್ದರು, ಅದು ಪೆರಿಸ್ಕೋಪು. ಬದಿಗೆ ಬಿಳಿ ಬಣ್ಣದಲ್ಲಿ 'ವಾಗ್‌ಶೀರ್'. ಅಸಲಿ ವಾಗ್‌ಶೀರ್ 67.5 ಮೀಟರ್ ಉದ್ದ. ನಮ್ಮದು ಐದಡಿ. ಅಪ್ಪನ ಕೆರೆಯಲ್ಲಿ ಬಿಡೋಣ ಅಂತ ಮೊದಲು ಪ್ಲಾನ್ ಇತ್ತಂತೆ. ನಾಯಕರಿಗೆ ಈಜು ಬರಲ್ಲ ಅಂತ ಕೈಬಿಟ್ಟರು. ಜಗತ್ ವೃತ್ತದವರೆಗೆ ಡಿಜೆ ಹಾಕಿಕೊಂಡು ಹೋಗಿ, ವಾಪಸ್ ಓಣಿಗೆ ಬಂದು ವೇದಿಕೆ ಏರಿದರು.

ಇನ್ನು ಕಮಿಷನಿಂಗ್, ಅಂದರೆ ನೌಕೆಯನ್ನು ಪಡೆಗೆ ಸೇರಿಸಿಕೊಳ್ಳುವ ಸಮಾರಂಭ. ಮೈಕಿನಲ್ಲಿ ಆ ಶಬ್ದ ಬಿದ್ದ ಕೂಡಲೇ ನನ್ನ ಪಕ್ಕ ಕೂತಿದ್ದ ಕಾಂಟ್ರಾಕ್ಟರ್ ಒಬ್ಬರು ಕಿವಿ ನಿಮಿರಿಸಿ "ಎಷ್ಟು ಪರ್ಸೆಂಟ್ ಅಂತ?" ಎಂದರು. ಈ ಜೋಕು ನಾನು ಬರೆಯಬಾರದು ಅಂತಲೇ ಇದ್ದೆ. ಆದರೆ ಅವರು ಜೋಕು ಮಾಡಿರಲಿಲ್ಲ. ಖರೇನೇ ಕೇಳಿದ್ದರು.

ನೌಕಾಪಡೆಯಲ್ಲಿ ಈ ಸಮಾರಂಭಕ್ಕೆ ಒಂದು ಕ್ರಮ ಇದೆ. ಕಮಾಂಡಿಂಗ್ ಆಫೀಸರ್ ಕಮಿಷನಿಂಗ್ ವಾರಂಟ್, ಅಂದರೆ ನೌಕೆಯನ್ನು ಸೇವೆಗೆ ಸೇರಿಸುವ ಆದೇಶ, ಓದುತ್ತಾರೆ. ನೌಕಾಧ್ವಜ ಮೊದಲ ಸಲ ಏರುತ್ತದೆ, ರಾಷ್ಟ್ರಗೀತೆ ನುಡಿಸುತ್ತಾರೆ. ಕಂಬದ ತುದಿಗೆ ಉದ್ದಕ್ಕೆ, ಸಣ್ಣಗೆ ಒಂದು ಪೆನ್ನಂಟ್ ಹಾರುತ್ತದೆ. ನೌಕೆ ಸೇವೆಯಲ್ಲಿದೆ ಅಂತ ಅದರ ಅರ್ಥ. ನಮ್ಮಲ್ಲೂ ಎಲ್ಲ ಆಯಿತು. "ಈಗ ವಾರಂಟ್ ಓದ್ತಾರ" ಅಂತ ನಿರೂಪಕ ಹೇಳಿದ ಕೂಡಲೇ ವೇದಿಕೆ ಮೇಲಿದ್ದ ಇಬ್ಬರು ಚಪ್ಪಲಿ ಹುಡುಕತೊಡಗಿದರು. ಪೆನ್ನಂಟ್ ಬದಲು ಸಂಕ್ರಾಂತಿಯ ಗಾಳಿಪಟದ ಬಾಲ ಕಟ್ಟಿದ್ದರು. ನೋಡಲು ಹೆಚ್ಚು ಕಡಿಮೆ ಹಾಗೇ ಇತ್ತು, ಸುಳ್ಳು ಯಾಕೆ ಹೇಳಲಿ. ನೌಕಾಪಡೆಯ ಘೋಷವಾಕ್ಯ 'ಶಂ ನೋ ವರುಣಃ'. ವರುಣ ನಮಗೆ ಒಳ್ಳೇದು ಮಾಡಲಿ ಅಂತ. ನಾಯಕರು ಅದನ್ನು 'ಶಂಭೋ ವರುಣಾ' ಅಂತ ಮೂರು ಸಲ ಕೂಗಿಸಿದರು. ಹೆಂಗಸರೆಲ್ಲ ಭಕ್ತಿಯಿಂದ ಕೈ ಮುಗಿದರು. ಏಳು ದಿನದ ಭಕ್ತಿ ಅದು.

ನಮ್ಮ ಓಣಿಯಲ್ಲಿ ನೌಕಾಪಡೆಯಲ್ಲಿ ದುಡಿದು ರಿಟೈರ್ ಆದವರು ಒಬ್ಬರಿದ್ದಾರೆ. ಇಡೀ ಕಾರ್ಯಕ್ರಮಕ್ಕೆ ಸಮುದ್ರದ ನೀರು ಮುಟ್ಟಿದವರು ಅವರೊಬ್ಬರೇ. ಅವರು ಕಾಯಿಪಲ್ಲೆ ಚೀಲ ಹಿಡಿದು ಕಡೇ ಸಾಲಿನಲ್ಲಿ ನಿಂತಿದ್ದರು. ಟ್ಯಾಂಕಿನ ಮುಂದೆ ನಾಯಕರ ಫೋಟೊ ತೆಗೆಯುವಾಗ ಒಬ್ಬ ಹುಡುಗ ಬಂದು, "ಕಾಕಾ, ಸ್ವಲ್ಪ ಬಾಜೂ ಸರೀರಿ, ಫ್ರೇಮಿನಾಗ ಬರ್ಲಿಕತ್ತೀರಿ" ಅಂದ. ಸರಿದರು. ಸರಿದು ನನ್ನ ಪಕ್ಕಕ್ಕೇ ಬಂದದ್ದರಿಂದ ನನಗೆ ನಾಲ್ಕು ಮಾತು ಸಿಕ್ಕಿತು.

ವಾಗ್‌ಶೀರ್ ಮೊದಲು ನೀರಿಗಿಳಿದದ್ದು 2022ರ ಏಪ್ರಿಲ್ 20ಕ್ಕಂತೆ. ಆಗಿನ್ನೂ ಅದರ ಕೆಲಸ ಮುಗಿದಿರಲಿಲ್ಲ. 2023ರ ಮೇ ತಿಂಗಳಲ್ಲಿ ಸಮುದ್ರದಲ್ಲಿ ಪರೀಕ್ಷೆ ಶುರು, ಅದಕ್ಕೆ ಸೀ ಟ್ರಯಲ್ ಅಂತಾರಂತೆ. ಎಂಜಿನ್, ಬ್ಯಾಟರಿ, ಸೋನಾರ್, ಆಯುಧ, ಒಂದೊಂದನ್ನೂ ನೋಡಬೇಕು. ಮುಳುಗಿಸಬೇಕು, ಎಬ್ಬಿಸಬೇಕು, ಮತ್ತೆ ಮುಳುಗಿಸಬೇಕು. ನೌಕಾಪಡೆಯ ಕೈಗೆ ಬಂದದ್ದು 2025ರ ಜನವರಿ 9ಕ್ಕೆ. ಹಾರ, ಭಾಷಣ, ಧ್ವಜ ಎಲ್ಲ ಆಮೇಲೆ.

ನಾನು ಬೆಪ್ಪಾದೆ. ಪರೀಕ್ಷೆ ಮೊದಲು, ಉದ್ಘಾಟನೆ ಆಮೇಲಾ?

ಯಾಕಂದರೆ ನಮ್ಮ ಓಣಿಯ ತುದಿಗೆ ಒಂದು ಓವರ್‌ಹೆಡ್ ಟ್ಯಾಂಕ್ ಇದೆ. ಅದಕ್ಕೆ ಒಮ್ಮೆ ಭೂಮಿಪೂಜೆ ಆಯಿತು. ಕಂಬ ಎದ್ದ ಮೇಲೆ ಇನ್ನೊಮ್ಮೆ ಪೂಜೆ. ಬಣ್ಣ ಹೊಡೆದ ಮೇಲೆ ಲೋಕಾರ್ಪಣೆ. ಅವತ್ತು ಟ್ಯಾಂಕಿನ ಬುಡದಲ್ಲಿ ಹೊಸದಾಗಿ ಒಂದು ಮೋಟು ಗೋಡೆ ಕಟ್ಟಿ ನಳ ಕೂರಿಸಿದ್ದರು. ನಳಕ್ಕೆ ಚೆಂಡುಹೂವಿನ ಹಾರ. ಗಣ್ಯರು ತಿರುವಿದರು, ನೀರು ಧೋ ಅಂತ ಬಂದವು. ಚಪ್ಪಾಳೆ. ನಾನು ಸ್ವಲ್ಪ ಹಿಂದೆ ನಿಂತಿದ್ದೆ, ಹಾಗಾಗಿ ಗೋಡೆಯ ಆಚೆ ಟ್ಯಾಂಕರ್ ಕಂಡಿತು. ಅದರ ಪೈಪು ಗೋಡೆ ಹೊಕ್ಕಿತ್ತು. ಕಾರ್ಯಕ್ರಮ ಮುಗಿಯಿತು, ಟ್ಯಾಂಕರ್ ಹೋಯಿತು, ಅದರ ಜತೆ ನೀರೂ ಹೋದವು. ಹಾರದ ದಾರ ಇನ್ನೂ ನಳಕ್ಕೆ ಸುತ್ತಿಕೊಂಡಿದೆ. ಮಳೆಗಾಲದಲ್ಲೂ ಒಂದು ನಾಯಿ ಅದರ ಕೆಳಗೇ ಮಲಗುತ್ತದೆ. ಇಡೀ ಬಡಾವಣೆಯಲ್ಲಿ ಇದಕ್ಕಿಂತ ಒಣ ಜಾಗ ಇಲ್ಲ ಅಂತ ಅದಕ್ಕೂ ಗೊತ್ತಾಗಿದೆ. ಯಾಕೆ ಹೀಗೆ ಅಂತ ಕೇಳಿದರೆ, ಸಂಬಂಧಪಟ್ಟವರನ್ನು ಕೇಳಿ ಅನ್ನುತ್ತಾರೆ. ಕೇಳಿದವರೆಲ್ಲ ಸಂಬಂಧ ಕಡಿದುಕೊಂಡವರೇ.

ಇದನ್ನೆಲ್ಲ ಹೇಳಿ, "ನಿಮ್ಮ ನೌಕಾಪಡೆ ಕಡೆಯಿಂದ ನಾವು ಕಲೀಬೇಕು" ಅಂದೆ. ಕಾಕಾ ನಕ್ಕರು.

"ಭಾಳ ಹೊಗಳಬ್ಯಾಡ್ರಿ. ವಾಗ್‌ಶೀರ್ ಸೇರಿ ಸ್ಕಾರ್ಪೀನ್ ಅನ್ನೋ ನಮೂನಿಯ ಆರು ಸಬ್‌ಮರೀನಿಗೆ ಫ್ರೆಂಚರ ಜತಿ ಕರಾರು ಆಗಿದ್ದು 2005ಕ್ಕ. ಮೊದಲನೇದು ಕಲ್ವರಿ. ಅದು ಪಡೆಗೆ ಸೇರಿದ್ದು 2017ರ ಡಿಸೆಂಬರ್ 14ಕ್ಕ. ಅದಕ್ಕಂತ ಕೊಳ್ಳಬೇಕಿದ್ದ ಹೊಸ ಟಾರ್ಪೆಡೊ, ಅಂದ್ರ ನೀರೊಳಗ ಹೋಗಿ ಹೊಡಿಯೋ ಆಯುಧ, ಆಗ ಬಂದಿರಲೇ ಇಲ್ಲ, ಖರೀದಿನೇ ರದ್ದಾಗಿತ್ತು. ಹಳೇವನ್ನೇ ಹಾಕ್ಕೊಂಡು ನಡಸಬೇಕಾತು."

"ಅಂದರೆ ನಮ್ಮ ನೀರಿಲ್ಲದ ಟ್ಯಾಂಕಿನ ಹಾಗೇ!"

"ಸೋರಿಕೆನೂ ಇತ್ರಿ ಮತ್ತ. 2016ರಾಗ ಸ್ಕಾರ್ಪೀನ್ ದಾಖಲೆ 22,400 ಪುಟ ಹೊರಗ ಬಿದ್ದಿದ್ದವು."

ನನಗೆ ಯಾಕೋ ಒಳಗೊಳಗೇ ಖುಷಿಯಾಯಿತು. ದೊಡ್ಡವರ ಮನೆಯಲ್ಲೂ ಪೈಪ್ ಸೋರುತ್ತದೆ ಅಂದರೆ ನಮ್ಮಂಥವರಿಗೆ ಒಂದು ಸಮಾಧಾನ.

"ಆದ್ರ ಒಂದು" ಅಂದರು ಕಾಕಾ. "ಅದು ಮುಳುಗಿದ ಮ್ಯಾಲ ವಾಪಸ್ ಬರ್ತದ ಅಂತ ಗ್ಯಾರಂಟಿ ಆಗೋ ತನಕ ಯಾರೂ ರಿಬ್ಬನ್ ಕತ್ತರಸಂಗಿಲ್ಲ. ಒಳಗ ಮಂದಿ ಇರ್ತಾರಲ್ರಿ."

ಒಳಗಿನ ಮಂದಿಯ ಪಾಡು ಕೇಳಿದೆ. ಜಾಗ ಕಡಿಮೆ. ಸಿಹಿನೀರಿಗೆ ಲೆಕ್ಕ, ಮನಸ್ಸು ಬಂದಾಗಲೆಲ್ಲ ಸ್ನಾನ ಅಂತಿಲ್ಲ. ಕರೆಂಟೆಲ್ಲ ಬ್ಯಾಟರಿ ಮೇಲೆ, ಅದನ್ನು ಚಾರ್ಜ್ ಮಾಡಲು ಡೀಸೆಲ್ ಎಂಜಿನ್ ಓಡಿಸಬೇಕು. ಹೊರಗೆ ಹಗಲೋ ರಾತ್ರಿಯೋ ಗೊತ್ತಾಗುವುದಿಲ್ಲ. ನೀರು ಅಳೆದು ಸುರಿಯುವುದು, ಇನ್ವರ್ಟರ್ ನಂಬಿ ಕೂರುವುದು, ರಾತ್ರಿ ಎರಡಕ್ಕೆ ಎದ್ದು ನಳದ ಹತ್ತಿರ ಡ್ಯೂಟಿ ಮಾಡುವುದು. ಇದರಲ್ಲಿ ನಮ್ಮ ಬಡಾವಣೆಯವರಿಗೆ ಹೊಸದು ಏನಿದೆ? ಟ್ರೇನಿಂಗ್ ಇಲ್ಲದೆ ನೇರವಾಗಿ ಭರ್ತಿ ಮಾಡಿಕೊಳ್ಳಬಹುದು. ಹೆಂಗಸರನ್ನಂತೂ ನೇರ ಆಫೀಸರ್ ಮಾಡಬೇಕು.

ಆ ರಾತ್ರಿ ಎರಡಕ್ಕೆ ನೀರು ಬಂದವು.

ನಳ ಮೊದಲು ಬುಸ್ ಅಂತ ಗಾಳಿ ಬಿಟ್ಟಿತು, ಆಮೇಲೆ ಕೆಮ್ಮಿತು, ಆಮೇಲೆ ದಪ್ಪ ಧಾರೆ. ಅಷ್ಟು ಫೋರ್ಸ್ ವರ್ಷದಲ್ಲೇ ಬಂದಿರಲಿಲ್ಲ. ಹೆಂಡತಿ ಮೋಟಾರ್ ಹಾಕಿ ಮೇಲೆ ನೋಡಿದಳು. ಮಾಳಿಗೆ ಮೇಲೆ ಟ್ಯಾಂಕ್ ಇದ್ದ ಕಟ್ಟೆ, ಅದರ ಮೇಲೆ ನಕ್ಷತ್ರ. ಏನೂ ಮಾತಾಡಲಿಲ್ಲ. ಮಾತಾಡಿದ್ದರೆ ಚೆನ್ನಾಗಿತ್ತು. ಬಕೆಟ್, ಕೊಡ, ಕುಕ್ಕರ್, ಹಿಟ್ಟು ನಾದುವ ಪರಾತ, ಎಲ್ಲ ತುಂಬಿದೆವು. ಕುಸುರೆಳ್ಳಿನ ಡಬ್ಬಿ ಖಾಲಿ ಮಾಡಿ ಅದನ್ನೂ ತುಂಬಿದೆವು. ನಾಯಕರಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಅವರ ಮನೆ ಮುಂದೆ ಟ್ರಾಲಿಯಲ್ಲಿ ನನ್ನ ಟ್ಯಾಂಕು ಗಾಳಿಪಟದ ಬಾಲ ಹಾರಿಸಿಕೊಂಡು ಮಲಗಿತ್ತಂತೆ. ಮೈಮೇಲೆ ಸೀರಿಯಲ್ ಲೈಟು ಬೇರೆ. ನಲವತ್ತು ನಿಮಿಷಕ್ಕೆ ನೀರು ನಿಂತವು.

ಟ್ಯಾಂಕು ಮೂರು ದಿನಕ್ಕೆ ವಾಪಸ್ ಬಂತು. ಹೆಸರು ಅಳಿಸಿರಲಿಲ್ಲ. ಪೆರಿಸ್ಕೋಪ್ ಕಿತ್ತ ತೂತಿಗೆ ಬಟ್ಟೆ ತುರುಕಿ ಮೇಲೆ ಅಂಟು ಮೆತ್ತಿದ್ದರು. "ಪಕ್ಕಾ ಆಗ್ಯದ್ರಿ, ಒಂದು ಹನಿನೂ ಬರಂಗಿಲ್ಲ" ಅಂತ ಹುಡುಗ ತೂತಿನ ಮೇಲೆ ಎರಡು ಸಲ ಗುದ್ದಿ ತೋರಿಸಿದ. ಖಾಲಿ ಟ್ಯಾಂಕು ಢಂ ಢಂ ಅಂದಿತು. ಅವನು ಅದರ ಪಕ್ಕ ನಿಂತು ಒಂದು ಸೆಲ್ಫಿ ತೆಗೆದುಕೊಂಡು ಹೋದ.

ಮುಂದಿನ ಪಾಳಿಯ ನೀರು ಬೆಳಗ್ಗೆಯೇ ಬಂದವು. ಮೋಟಾರ್ ಹಾಕಿದೆ. ಅರ್ಧ ತುಂಬುವ ತನಕ ಎಲ್ಲ ಸರಿ ಇತ್ತು. ಆಮೇಲೆ ಬಟ್ಟೆ ಪಟ್ ಅಂತ ಹಾರಿ, 'ವಾಗ್‌ಶೀರ್' ಮೈಯಿಂದ ಬೆರಳು ಗಾತ್ರದ ಧಾರೆ ಚಿಮ್ಮಿ ಬೀದಿಗೆ ಬಿತ್ತು. ಹಾಲಿನ ಪಾಕೀಟು ಹಿಡಿದು ಹೊರಟಿದ್ದ ಕಾಕಾ ಎರಡು ಹೆಜ್ಜೆ ಹಿಂದೆ ಸರಿದು, ತಲೆ ಎತ್ತಿ ನೋಡಿದರು.

"ಸೀ ಟ್ರಯಲ್ ಈಗ ಶುರು ಆತೇನ್ರಿ?"